ತಪ್ಪುವ ಹೆಜ್ಜೆಗೆ ಒತ್ತಾಸೆ



ಕಳೆದ ಆಷಾಢದಲ್ಲಿ ಭಟ್ಕಳಕ್ಕೆ ಹೋಗಿದ್ದಾಗ, ಕಡಲ ದಂಡೆಯ ಜಾಲಿಯಲ್ಲಿರುವ ಬಂಧುಗಳೊಬ್ಬರ ಮನೆಯಲ್ಲಿ ನಾಲ್ಕು ದಿನ ನಿಲ್ಲಬೇಕಾಗಿ ಬಂದಿತು. ಮಳೆಯು ಬಿಡುವಿಲ್ಲದೆ ಸುರಿಯುತ್ತಿದ್ದಿತು. ಅಂಗಳದ ಚಿರೆಕಲ್ಲುಗಳ ಮೇಲೆ ಹಸುರು ಪಾಚಿ ಕಟ್ಟಿದ್ದರಿಂದ ಕಾಲು ಜಾರದಂತೆ ತೆಂಗಿನ ಮಡಲುಗಳನ್ನು ಹಾಸಿದ್ದರು. ಜಗಲಿಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನು ಕುಳಿತು ಮಳೆಯನ್ನು ನೋಡುತ್ತಿದ್ದನು. ಅವನ ಬಲಗೈಗೆ ಪಟ್ಟಿ ಕಟ್ಟಿದ್ದಿತು. ನನ್ನನ್ನು ಕಂಡೊಡನೆ ಏಳಲು ಹೋದನು. ಒಳಗಿನಿಂದ ತಾಯಿಯು ಓಡಿಬಂದು, "ಏಳಬೇಡ ತಮ್ಮಾ, ಕೂತುಕೋ" ಎಂದು ಭುಜವನ್ನು ಒತ್ತಿ ಕುಳ್ಳಿರಿಸಿದಳು. ಆಗ ಆ ಹುಡುಗನ ಮುಖವು ಬಾಡಿದ ಬಗೆಯನ್ನು ನಾನು ಮರೆಯಲಾರೆನು.

ರಾತ್ರಿ ಊಟವಾದ ಮೇಲೆ ತಾಯಿಯು ತನ್ನ ದುಃಖವನ್ನು ತೋಡಿಕೊಂಡಳು. ಹದಿಮೂರನೆಯ ವರ್ಷದವರೆಗೆ ಹುಡುಗನು ಎಲ್ಲರಂತೆಯೇ ಇದ್ದನು. ಆಮೇಲೆ ಶಾಲೆಯಲ್ಲಿ ಓಡುವಾಗ ಬೀಳತೊಡಗಿದನು. ಮನೆಯವರು, "ಕಣ್ಣು ನೆಲದ ಮೇಲಿರಲಿ" ಎಂದು ಗದರಿಸಿದರು. ಅವನ ಚಪ್ಪಲಿಗಳು ಒಂದೇ ಅಂಚಿಗೆ ಸವೆಯುತ್ತಿದ್ದವು. ಪಾದದ ಕಮಾನು ವರ್ಷದಿಂದ ವರ್ಷಕ್ಕೆ ಮೇಲೇರಿತು. ಬೆರಳುಗಳು ಕೊಕ್ಕೆಯಂತೆ ಬಾಗಿದವು. ಕೆಲವು ವರ್ಷಗಳ ಬಳಿಕ ಕೈಬರಹವು ಕೆಟ್ಟಿತು, ಮಾತು ತುಸು ತೊಡರಿತು. ಎಣ್ಣೆ ನೀವಿದರು, ಕಷಾಯ ಕುಡಿಸಿದರು, ಹರಕೆ ಹೊತ್ತರು. ಕಡೆಗೆ ಬೆಂಗಳೂರಿನಲ್ಲಿ ರಕ್ತಪರೀಕ್ಷೆಯಾಗಿ, ಇದು 'ಫ್ರೀಡ್ರೈಖ್ ಅಟಾಕ್ಸಿಯಾ' ಎಂಬ ನರರೋಗವೆಂದು ತಿಳಿಯಿತು.

ಹೆಸರು ತಿಳಿದುದರಿಂದ ಹೆಜ್ಜೆಯೇನೂ ನೆಟ್ಟಗಾಗಲಿಲ್ಲ. ಒಂದು ಸಂಜೆ ಅವನು ಓಲಾಡುತ್ತ ಬೀದಿಯಲ್ಲಿ ಬರುತ್ತಿರುವಾಗ ಯಾರೋ, "ಹಗಲೇ ಕುಡಿದು ಬಂದಿದ್ದಾನೆ ನೋಡು" ಎಂದರಂತೆ. ಹೊಟ್ಟೆಗೆ ಹನಿ ಮದ್ಯವನ್ನೂ ಕಾಣದ ಹುಡುಗನು ಅಂದಿನಿಂದ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿದ್ದಿತು, ಅದನ್ನೂ ಬಿಟ್ಟನು. ತಾಯಿಗೂ ಅದೇ ಕ್ಷೇಮವೆಂದು ತೋರಿತು. ಆದರೆ ಆರು ತಿಂಗಳೊಳಗೆ ಅವನು ಬಿದ್ದುದು ಬೀದಿಯಲ್ಲಲ್ಲ, ಸ್ವಂತ ಮನೆಯ ಬಚ್ಚಲಿನಲ್ಲಿ. ನಿಂತು ಮುಖಕ್ಕೆ ಸಾಬೂನು ಹಚ್ಚಿಕೊಂಡಿದ್ದಾಗ ಹಠಾತ್ತನೆ ಬಿದ್ದು ಮಣಿಕಟ್ಟಿನ ಎಲುಬು ಮುರಿಯಿತು.

"ಮನೆಯೊಳಗೆ ಇಟ್ಟುಕೊಂಡರೂ ಬಿದ್ದನಲ್ಲ, ಅಕ್ಕಾ. ಇನ್ನು ಹಾಸಿಗೆಯಲ್ಲಿಯೇ ಇಡಲೇನು?" ಎಂದು ಅವಳು ಕೇಳಿದಳು.

ಈ ತಿಂಗಳ ಬರೆಹವೆಲ್ಲ ಆ ಪ್ರಶ್ನೆಗೆ ಉತ್ತರವಾಗಿದೆ. "ಇಡಬೇಡ, ತಂಗಿ. ಹುಡುಗನನ್ನು ಕಟ್ಟಿಹಾಕುವುದಕ್ಕೆ ಬದಲಾಗಿ ಮನೆಯನ್ನು ತಿದ್ದು, ಚಪ್ಪಲಿಯನ್ನು ತಿದ್ದು, ನಡೆಯುವ ಕ್ರಮವನ್ನು ತಿದ್ದು" ಎಂದು ನಾನು ಅಂದು ಹೇಳಿದೆನು. ಆ ಮೇಲೆ ತಿಳಿದ ವೈದ್ಯರನ್ನೂ ಅಂಗಸಾಧನೆ ಕಲಿಸುವವರನ್ನೂ ಕೇಳಿ, ನನ್ನ ಮಾತಿನಲ್ಲಿದ್ದ ತಪ್ಪುಗಳನ್ನು ತಿದ್ದಿಕೊಂಡು ಇಲ್ಲಿ ಬರೆದಿರುವೆನು.

ಈ ರೋಗವೆಂಥದು?

'ಅಟಾಕ್ಸಿಯಾ' ಎಂಬುದು ಗ್ರೀಕ್ ಭಾಷೆಯ ಶಬ್ದ. ಕ್ರಮವಿಲ್ಲದಿರುವುದು ಎಂದು ಅದರ ಅರ್ಥ. ಕಾಲಿನಲ್ಲಿ ಬಲವಿಲ್ಲವೆಂದಲ್ಲ, ಬಲವನ್ನು ಹೊಂದಿಸುವ ಶಕ್ತಿ ಕುಂದಿದೆಯೆಂದು ತಿಳಿಯತಕ್ಕದ್ದು. ಕಡಲ ತೀರದವರಿಗೆ ದೋಣಿಯ ದೃಷ್ಟಾಂತ ಸುಲಭವಾಗಿ ತಿಳಿದೀತು. ಹುಟ್ಟು ಹಾಕುವವರ ತೋಳುಗಳು ಗಟ್ಟಿಯಾಗಿವೆ, ಆದರೆ ಚುಕ್ಕಾಣಿ ಹಿಡಿದವನ ಕೈ ತಪ್ಪುತ್ತಿದೆ. ದೋಣಿಯು ಓಲಾಡದೆ ಇನ್ನೇನು ಮಾಡೀತು? ನಮ್ಮ ದೇಹದಲ್ಲಿ ಆ ಚುಕ್ಕಾಣಿಯ ಕೆಲಸವು ತಲೆಯ ಹಿಂಬದಿಯಲ್ಲಿರುವ ಕಿರುಮೆದುಳಿನದು. ಅದು ಕೆಟ್ಟರೆ ನಡಿಗೆ, ಕೈಕೆಲಸ, ಮಾತು, ಕಣ್ಣಿನ ಚಲನೆ ಎಲ್ಲವೂ ಅಳತೆ ತಪ್ಪುವುವು. ಆದುದರಿಂದಲೇ ಕಾಲಿಗೆ ಎಷ್ಟು ಎಣ್ಣೆ ನೀವಿದರೂ ಈ ಓಲಾಟವು ನಿಲ್ಲದು.

ಇದರಲ್ಲಿ ಇನ್ನೊಂದು ಬಗೆಯುಂಟು. ಪಾದವು ಎಲ್ಲಿದೆ, ನೆಲವು ಹೇಗಿದೆ ಎಂಬ ಸುದ್ದಿಯನ್ನು ಮೇಲಕ್ಕೆ ಒಯ್ಯುವ ನರಗಳೂ ಬೆನ್ನುಹುರಿಯ ದಾರಿಗಳೂ ಕೆಟ್ಟಾಗ, ಸುದ್ದಿಯೇ ಬಾರದೆ ಮೆದುಳು ಕುರುಡಾಗುವುದು. ಅಂಥವರು ಕಣ್ಣಿನಿಂದ ನೋಡಿ ನೋಡಿ ಹೆಜ್ಜೆಯಿಡುವರು; ಕಣ್ಣು ಮುಚ್ಚಿದರೆ ನಿಲ್ಲಲಾರರು. ಬರ್ಲಿನ್ನಿನ ರೋಂಬರ್ಗ್ ಎಂಬ ವೈದ್ಯನು 19ನೆಯ ಶತಮಾನದಲ್ಲಿ ಈ ಲಕ್ಷಣವನ್ನು ವಿವರಿಸಿದನು. ಇಂದಿಗೂ ವೈದ್ಯರು ರೋಗಿಯನ್ನು ಕಾಲು ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ಇದನ್ನು ಪರೀಕ್ಷಿಸುವರು. ಜಾಲಿಯ ಹುಡುಗನು ಬಚ್ಚಲಿನಲ್ಲಿ ಬಿದ್ದ ಕಾರಣವು ಈಗ ತಿಳಿಯಿತಷ್ಟೆ? ಸಾಬೂನಿಗೆ ಹೆದರಿ ಕಣ್ಣು ಮುಚ್ಚಿದ ಕ್ಷಣದಲ್ಲಿಯೇ ಅವನ ಏಕೈಕ ಆಧಾರವು ತಪ್ಪಿಹೋಗಿದ್ದಿತು.

ಜರ್ಮನಿಯ ಹೈಡೆಲ್‌ಬರ್ಗಿನ ನಿಕೋಲಾಸ್ ಫ್ರೀಡ್ರೈಖ್ ಎಂಬ ವೈದ್ಯನು 1863ರಲ್ಲಿ ಈ ರೋಗವನ್ನು ಮೊದಲು ವಿವರಿಸಿದುದರಿಂದ ಇದಕ್ಕೆ ಅವನ ಹೆಸರು ಬಂದಿದೆ. ಇದರ ಮೂಲವಾದ ಜೀನು 1996ರಲ್ಲಿ ಪತ್ತೆಯಾಯಿತು. ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷದೊಳಗೆ ಇದು ಕಾಣಿಸಿಕೊಳ್ಳುವುದು. ಪಾದದ ಕಮಾನು ಏರುವುದು, ಬೆನ್ನು ಒಂದು ಮಗ್ಗುಲಿಗೆ ಬಾಗುವುದು, ಹೃದಯದ ಸ್ನಾಯು ದಪ್ಪವಾಗುವುದು, ಕೆಲವರಿಗೆ ಸಕ್ಕರೆಯ ಕಾಯಿಲೆ ಬರುವುದು — ಇವೂ ಇದರ ಜತೆಗಾರರು. ಆದಕಾರಣ ವರ್ಷಕ್ಕೊಮ್ಮೆಯಾದರೂ ಹೃದಯವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುವುದನ್ನು ಮರೆಯಬಾರದು.

"ಇದು ನನ್ನ ಕಡೆಯ ರಕ್ತವೋ, ಅವರ ಕಡೆಯದೋ?" ಎಂದು ಆ ತಾಯಿಯು ಮೆಲ್ಲನೆ ಕೇಳಿದಳು. ಅತ್ತೆಯ ಮನೆಯಲ್ಲಿ ಆ ಮಾತು ಎದ್ದಿದ್ದಿತೆಂದು ತೋರುತ್ತದೆ. ಉತ್ತರವು ಸ್ಪಷ್ಟವಾಗಿದೆ. ಫ್ರೀಡ್ರೈಖ್ ರೋಗವು ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ದೋಷಯುಕ್ತ ಪ್ರತಿಗಳು ಮಗುವಿಗೆ ಬರಬೇಕು. ಒಂದೇ ಪ್ರತಿಯುಳ್ಳ ತಂದೆತಾಯಿಗಳು ಆರೋಗ್ಯವಾಗಿಯೇ ಇರುವರು; ಅವರಿಗೆ ತಿಳಿಯುವ ಬಗೆಯೇ ಇಲ್ಲ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವುಂಟು. ಸೋದರಮಾವ, ಸೋದರತ್ತೆಯ ಮಕ್ಕಳೊಳಗೆ ಮದುವೆಗಳು ನಡೆಯುವ ನಮ್ಮ ಮನೆತನಗಳಲ್ಲಿ ಒಂದೇ ದೋಷವು ಎರಡು ಕಡೆಯಿಂದಲೂ ಕೂಡುವ ಸಂಭವ ಹೆಚ್ಚು. ಇನ್ನು ಕೆಲವು ಬಗೆಯ ಅಟಾಕ್ಸಿಯಾಗಳು ನಡುವಯಸ್ಸಿನಲ್ಲಿ ತೋರಿ, ತಂದೆಯಿಂದಾಗಲಿ ತಾಯಿಯಿಂದಾಗಲಿ ನೇರವಾಗಿ ಇಳಿಯುವುವು. ಅವುಗಳಲ್ಲಿ ಪ್ರತಿ ಮಗುವಿಗೂ ಎರಡರಲ್ಲಿ ಒಂದು ಪಾಲು. ಯಾವುದೇ ಆಗಲಿ, ಇದರಲ್ಲಿ ಯಾರ ಪಾಪವೂ ಇಲ್ಲ. ಸೊಸೆಯನ್ನು ದೂರುವುದು ಅನ್ಯಾಯ. ಮನೆಯಲ್ಲಿ ಮುಂದೆ ಮದುವೆಯಾಗತಕ್ಕವರಿಗೆ ವಂಶವಾಹಿ ತಜ್ಞರ ಸಲಹೆ ಕೊಡಿಸುವುದು ವಿವೇಕ.

ಮೊದಲು ವೈದ್ಯರ ಬಳಿಗೆ

ಓಲಾಡುವ ನಡಿಗೆಯೆಲ್ಲ ವಂಶದ ರೋಗವಲ್ಲ. ಬಿ-12 ಮತ್ತು ಇ ಎಂಬ ಜೀವಸತ್ವಗಳ ಕೊರತೆಯಿಂದ, ಥೈರಾಯಿಡ್ ಗ್ರಂಥಿಯ ಜಾಡ್ಯದಿಂದ, ಬಹುಕಾಲದ ಮದ್ಯಪಾನದಿಂದ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮದ್ದು ಮಿತಿಮೀರಿದುದರಿಂದ — ಹೀಗೆ ಹಲವು ಕಾರಣಗಳಿಂದ ಹೆಜ್ಜೆ ತಪ್ಪುವುದುಂಟು. ಇವುಗಳಲ್ಲಿ ಕೆಲವನ್ನು ಕಾಲದಲ್ಲಿ ಕಂಡುಕೊಂಡರೆ ಬಹುಮಟ್ಟಿಗೆ ಗುಣಪಡಿಸಬಹುದು. ಭಟ್ಕಳದಿಂದ ಘಟ್ಟವನ್ನು ಹತ್ತಿದರೆ ಸಿಗುವ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ 'ಹಂದಿಗೋಡು ರೋಗ'ವೂ ನಡಿಗೆಯನ್ನು ಕೆಡಿಸುವುದಾದರೂ ಅದು ಎಲುಬು ಕೀಲುಗಳ ರೋಗ, ಅಟಾಕ್ಸಿಯಾ ಅಲ್ಲ. ಎಲ್ಲವನ್ನೂ 'ವಾತ'ವೆಂದು ಒಂದೇ ಚೀಲಕ್ಕೆ ಹಾಕಿದರೆ ಗುಣವಾಗತಕ್ಕದ್ದೂ ಗುಣವಾಗದೆ ಉಳಿಯುವುದು.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿರಿ. ನಿನ್ನೆಯವರೆಗೆ ಸರಿಯಾಗಿದ್ದವರಿಗೆ ಒಮ್ಮೆಗೇ ನಡಿಗೆ ತಪ್ಪಿ, ವಾಂತಿ, ತಲೆಸುತ್ತು, ತೊದಲುಮಾತು ಕೂಡಿಬಂದರೆ ಅದು ಮೆದುಳಿನ ರಕ್ತನಾಳದ ಆಘಾತವಾಗಿರಬಹುದು. ಆಗ ಮನೆಮದ್ದಿಗೆ ಸಮಯವಿಲ್ಲ. ಗಳಿಗೆ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಕರಾವಳಿಯವರಿಗೆ ನರರೋಗದ ತಜ್ಞರು ದಕ್ಷಿಣಕ್ಕೆ ಮಣಿಪಾಲದಲ್ಲಿಯೂ, ಘಟ್ಟದ ಮೇಲೆ ಹುಬ್ಬಳ್ಳಿಯಲ್ಲಿಯೂ ದೊರೆಯುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯೂ ಅಲ್ಲಿನ ಹಳೆಯ ಸರಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ಆದುದು; ವಂಶಪಾರಂಪರ್ಯದ ಅಟಾಕ್ಸಿಯಾಗಳ ಪರೀಕ್ಷೆ, ಅಧ್ಯಯನಗಳು ಅಲ್ಲಿ ನಡೆದುಬಂದಿವೆ. ಫ್ರೀಡ್ರೈಖ್ ರೋಗಕ್ಕೆ 'ಒಮಾವೆಲೊಕ್ಸೊಲೋನ್' ಎಂಬ ಮದ್ದನ್ನು ಅಮೆರಿಕದ ಸರಕಾರವು 2023ರಲ್ಲಿ ಹದಿನಾರು ವರ್ಷ ಮೇಲ್ಪಟ್ಟವರಿಗೆ ಒಪ್ಪಿರುವುದು. ಅದು ರೋಗದ ನಡಿಗೆಯನ್ನು ತುಸು ನಿಧಾನ ಮಾಡುವುದೇ ಹೊರತು ಹಿಂದೆ ತಿರುಗಿಸುವುದಿಲ್ಲ, ಬೆಲೆಯೂ ಬಹಳ. ಆದುದರಿಂದ ನಮ್ಮ ಕೈಯಲ್ಲಿರುವ ಉಪಾಯಗಳ ಕಡೆಗೆ ಬರೋಣ.

ಪಾದದ ಆರೈಕೆ

ನರಗಳು ಸುದ್ದಿ ಒಯ್ಯದ ಪಾದದಲ್ಲಿ ಮುಳ್ಳು ನಟ್ಟರೂ ತಿಳಿಯದು. ಮರಳು ಹೊಕ್ಕರೂ ತಿಳಿಯದು. ಆದಕಾರಣ ದಿನಕ್ಕೊಮ್ಮೆ, ರಾತ್ರಿ ದೀಪದ ಬೆಳಕಿನಲ್ಲಿ, ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ನೋಡಬೇಕು. ಬೆನ್ನು ಬಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಬೆರಳ ಸಂದುಗಳನ್ನು ಚೆನ್ನಾಗಿ ಒರಸಬೇಕು. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ಕಾಲು ಒಣಗುವುದೇ ಕಷ್ಟ. ಸಂದಿನಲ್ಲಿ ಕೆಸರುಹುಣ್ಣು ಎದ್ದು, ಆ ನೋವಿಗೆ ಹೆಜ್ಜೆಯು ಇನ್ನಷ್ಟು ಸೊಟ್ಟಗಾಗುವುದು. ನೀರಿನ ಬಿಸಿಯನ್ನು ರೋಗಿಯ ಕಾಲಿನಿಂದಲ್ಲ, ಆರೋಗ್ಯವಂತರ ಮೊಣಕೈಯಿಂದ ನೋಡತಕ್ಕದ್ದು.

ಉಗುರನ್ನು ನೆಟ್ಟಗೆ ಕತ್ತರಿಸಬೇಕು. ಮೂಲೆಯಲ್ಲಿ ಒಳಕ್ಕೆ ಕೊರೆಯಬಾರದು. ಕಮಾನು ಏರಿದ ಪಾದದಲ್ಲಿ ಭಾರವೆಲ್ಲ ಹಿಮ್ಮಡಿಗೂ ಬೆರಳ ಬುಡಕ್ಕೂ ಬೀಳುವುದರಿಂದ ಅಲ್ಲಿ ಆಣಿ ಕಟ್ಟುವುದು. ಅದನ್ನು ಬ್ಲೇಡಿನಿಂದ ಕೆತ್ತುವುದು ನಮ್ಮ ಮನೆಗಳಲ್ಲಿ ವಾಡಿಕೆ. ಸಕ್ಕರೆಯ ಕಾಯಿಲೆಯಿದ್ದವರಿಗಂತೂ ಅದು ಬಹು ಅಪಾಯಕಾರಿ. ಆಣಿಯು ಒತ್ತಡದ ಗುರುತು. ಚಪ್ಪಲಿಯನ್ನು ಸರಿಪಡಿಸಿದರೆ ಅದು ತಾನೇ ತಗ್ಗುವುದು.

ಮೀನಖಂಡವೂ ಹಿಮ್ಮಡಿಯ ನರವೂ ಬಿಗಿದುಕೊಂಡು ಪಾದವು ಕೆಳಗೂ ಒಳಗೂ ತಿರುಗದಂತೆ ನಿತ್ಯವೂ ಎಳೆದು ಸಡಿಲಿಸಬೇಕು. ಗೋಡೆಗೆ ಎರಡೂ ಕೈಯೊಡ್ಡಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಅದರ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ, ಮೂವತ್ತು ಎಣಿಸುವವರೆಗೆ ನಿಲ್ಲುವುದು. ಹೀಗೆ ಪ್ರತಿ ಕಾಲಿಗೆ ಮೂರು ಸಲ. ನಿಲ್ಲಲಾರದವರು ಕುಳಿತು ಕಾಲು ಚಾಚಿ, ಪಂಚೆಯೊಂದನ್ನು ಅಂಗಾಲಿಗೆ ಸುತ್ತಿ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಜಗ್ಗಬಾರದು, ನೋವಾಗುವ ಮೊದಲೇ ನಿಲ್ಲಿಸಬೇಕು.

ಪಾದರಕ್ಷೆಯ ಆಯ್ಕೆ

ಜಾಲಿಯ ಮನೆಯಲ್ಲಿ ಮೊದಲು ಹೊರಗೆ ಹೋದುದು ಹುಡುಗನ ಹವಾಯಿ ಚಪ್ಪಲಿ. ಹಿಂದೆ ಹಿಡಿತವಿಲ್ಲದ ಆ ಚಪ್ಪಲಿಯನ್ನು ಬೆರಳಿನಿಂದ ಕಚ್ಚಿ ಹಿಡಿಯಬೇಕು. ಬೆರಳು ಬಾಗಿದವರಿಗೆ ಅದು ಸಾಧ್ಯವಿಲ್ಲ, ಒದ್ದೆ ನೆಲದ ಮೇಲೆ ಅದು ತಾನೇ ಜಾರುವುದು. ಕೊಳ್ಳತಕ್ಕ ಪಾದರಕ್ಷೆಯ ಲಕ್ಷಣಗಳಿವು: ಹಿಮ್ಮಡಿಯನ್ನು ಸುತ್ತಿ ಹಿಡಿಯುವ ಗಟ್ಟಿ ಗೋಡೆ ಇರಬೇಕು, ಮುಂಭಾಗವು ಅಗಲವೂ ಆಳವೂ ಆಗಿರಬೇಕು, ಹಿಮ್ಮಡಿಯ ಅಟ್ಟೆ ತಗ್ಗಾಗಿ ಅಗಲವಾಗಿರಬೇಕು, ಮೇಲೆ ಪಟ್ಟಿ ಅಥವಾ ದಾರದ ಬಿಗಿತವಿರಬೇಕು. ನಡುಗುವ ಕೈಗೆ ದಾರಕ್ಕಿಂತ ಅಂಟುಪಟ್ಟಿಯು ಸುಲಭ. ಅಟ್ಟೆಯು ಹಾಸಿಗೆಯಂತೆ ಮೆತ್ತಗಿದ್ದರೆ ನೆಲದ ಸುದ್ದಿ ಇನ್ನಷ್ಟು ಮಂದವಾಗುವುದು. ಅತಿಯಾಗಿ ಹಿಡಿಯುವ ರಬ್ಬರಾದರೆ ಎಳೆದು ಹಾಕುವ ಕಾಲು ಅಲ್ಲಿಯೇ ಸಿಕ್ಕಿಕೊಂಡು ಮುಗ್ಗರಿಸುವುದು. ತೆಳ್ಳಗೆ, ಗಟ್ಟಿಯಾಗಿ, ಸಮವಾಗಿರುವುದೇ ಮೇಲು.

ಸಂಜೆಯ ಹೊತ್ತಿನಲ್ಲಿ ಪಾದವು ತುಸು ಊದಿರುವುದರಿಂದ ಆಗಲೇ ಅಳತೆ ಕೊಡುವುದು ಲೇಸು. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಕಮಾನು ಏರಿದವರಿಗೆ ಪಾದದ ಅಚ್ಚು ತೆಗೆದು ಒಳಮೆತ್ತೆ ಮಾಡಿಸಿದರೆ ಭಾರವು ಎಲ್ಲೆಡೆಗೂ ಹಂಚಿಹೋಗುವುದು. ಪಾದವು ಜೋತುಬೀಳುವವರಿಗೆ ಮೊಣಕಾಲ ಕೆಳಗಿನಿಂದ ಅಂಗಾಲವರೆಗೆ ಹಿಡಿಯುವ ಪ್ಲಾಸ್ಟಿಕ್ ಕಟ್ಟನ್ನು ಕೃತಕ ಅವಯವ ತಯಾರಿಸುವವರು ಮಾಡಿಕೊಡುವರು. ಅದನ್ನು ಮೊದಲ ದಿನವೇ ಇಡೀ ಹೊತ್ತು ತೊಡಬಾರದು, ಗಂಟೆಗೊಂದರಂತೆ ಹೆಚ್ಚಿಸಬೇಕು. ಬಿಚ್ಚಿದ ಮೇಲೆ ಚರ್ಮದ ಕೆಂಪು ಅರ್ಧ ಗಂಟೆಯಾದರೂ ಮಾಸದಿದ್ದರೆ ಕಟ್ಟನ್ನು ತಿದ್ದಿಸಬೇಕು. ಎಲ್ಲರಿಗೂ ಕಟ್ಟು ಒಗ್ಗುವುದಿಲ್ಲ. ಕೆಲವರಿಗೆ ಅದರಿಂದ ನಡಿಗೆ ಕಷ್ಟವೇ ಆಗುವುದು. ಆದುದರಿಂದ ನಡೆಸಿ ನೋಡಿ ಕೊಳ್ಳತಕ್ಕದ್ದು.

ಮನೆಯನ್ನು ತಿದ್ದುವುದು

ಬಚ್ಚಲಿನಿಂದ ಆರಂಭಿಸಿರಿ. ನಿಂತು ಸ್ನಾನ ಮಾಡುವುದನ್ನು ಇಂದೇ ನಿಲ್ಲಿಸಿ, ನಾಲ್ಕು ಕಾಲೂ ಭದ್ರವಾಗಿ ಊರುವ ಕುರ್ಚಿಯನ್ನು ಇಡಿರಿ. ಸಾಬೂನು, ತಂಬಿಗೆ, ಒರಸುವ ಬಟ್ಟೆ ಕುಳಿತಲ್ಲಿಯೇ ಕೈಗೆ ಸಿಗಲಿ. ಗೋಡೆಗೆ ಸೊಂಟದೆತ್ತರಕ್ಕೆ ಉಕ್ಕಿನ ಹಿಡಿಕೆಗಳನ್ನು ಗಾರೆಯಲ್ಲಿ ಕೂರಿಸಿರಿ. ಬಟ್ಟೆ ಒಣಹಾಕುವ ಸರಳನ್ನೋ ನಲ್ಲಿಯನ್ನೋ ಹಿಡಿಕೆಯೆಂದು ನಂಬಬಾರದು. ಭಾರ ಬಿದ್ದ ದಿನ ಅದು ಕಿತ್ತುಬರುವುದು. ಪಾಯಿಖಾನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೇಳುವುದು ಇಂಥವರಿಗೆ ದೊಡ್ಡ ಸಾಹಸ. ಎತ್ತರದ ಪೀಠವನ್ನು ಮಾಡಿಸಬೇಕು.

ಹಳೆಯ ಮನೆಗಳ ಹೊಸ್ತಿಲು ಎತ್ತರವಾಗಿರುವುದು. ಅದನ್ನು ಕಡಿಯಲು ಹಿರಿಯರು ಒಪ್ಪದಿದ್ದರೆ ಅಂಚಿಗೆ ಬಿಳಿಯ ಬಣ್ಣ ಬಳಿದು, ಪಕ್ಕದಲ್ಲಿ ಹಿಡಿಕೆಯಿಡಿರಿ. ಕಾಣುವ ಹೊಸ್ತಿಲು ಎಡವಿಸುವುದು ಕಡಿಮೆ. ಮೆಟ್ಟಿಲ ಅಂಚುಗಳಿಗೂ ಹಾಗೆಯೇ. ಅಂಚು ಮಡಿಚಿದ ಚಾಪೆ, ಕಾಲೊರಸಿನ ಗೋಣಿ, ನೆಲದಲ್ಲಿ ಹರಿದಾಡುವ ತಂತಿ — ಇವೆಲ್ಲ ದಾರಿಯಿಂದ ಹೋಗಲಿ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪವೊಂದು ಉರಿಯುತ್ತಿರಲಿ. ಕತ್ತಲೆಯೆಂದರೆ ಇವರ ಪಾಲಿಗೆ ಕಣ್ಣು ಮುಚ್ಚಿದಂತೆಯೇ ಸರಿ. ದೀಪ ಕೆಟ್ಟೀತೆಂದು ದಿಂಬಿನ ಬಳಿ ಬ್ಯಾಟರಿಯನ್ನೂ ಇಟ್ಟಿರಬೇಕು.

ಅಂಗಳದ ಪಾಚಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಮಡಲು ಹಾಸುವ ರೂಢಿ ಉಳಿದವರಿಗೆ ಒಳ್ಳೆಯದೇ; ಆದರೆ ಕಾಲೆತ್ತಲಾರದವನಿಗೆ ಅದರ ಗರಿಗಳೇ ತೊಡರುಬಳ್ಳಿಯಾಗುವುವು. ಅವನು ನಡೆಯುವಷ್ಟು ಅಗಲಕ್ಕೆ ಒರಟು ಗಾರೆಯ ದಾರಿಯನ್ನು ಮಾಡಿ, ಒಂದು ಬದಿಗೆ ಅಡಿಕೆ ದಬ್ಬೆಯ ಕೈಗಂಬಿ ಕಟ್ಟಿದರೆ ಸಾಕು. ತೋಡಿಗೆ ಹಾಕಿದ ಮರದ ಸಂಕವನ್ನು ಅವನೊಬ್ಬನೇ ದಾಟುವುದು ಬೇಡ.

ನಡೆಯುವ ಕ್ರಮ

ಕಾಲನ್ನು ಅಗಲಿಸಿ ನಡೆಯುವವನನ್ನು, "ನೆಟ್ಟಗೆ ನಡೆ" ಎಂದು ಗದರಿಸಬೇಡಿರಿ. ಅಗಲದ ಹೆಜ್ಜೆಯು ದೇಹವು ತಾನೇ ಕಂಡುಕೊಂಡ ರಕ್ಷಣೆ. ತಿರುಗುವಾಗ ಬೀಳುವ ಅಪಾಯವು ಹೆಚ್ಚಾಗಿರುವುದರಿಂದ, ಮೊದಲು ನಿಲ್ಲುವುದು, ಆಮೇಲೆ ಗಾಣದೆತ್ತಿನಂತೆ ದೊಡ್ಡ ಸುತ್ತಿನಲ್ಲಿ ಸಣ್ಣ ಹೆಜ್ಜೆಗಳಿಂದ ತಿರುಗುವುದು. ಒಂಟಿಗಾಲಿನ ಮೇಲೆ ತಿರುಚಬಾರದು. ನಡೆಯುವಾಗ ಮಾತಾಡಿಸಬೇಡಿರಿ, ಉತ್ತರ ಕೊಡಬೇಕಾದರೆ ಅವನು ನಿಲ್ಲಲಿ. ಕೈಯಲ್ಲಿ ತುಂಬಿದ ಲೋಟ, ಚೀಲ ಹಿಡಿಯಬಾರದು. ಹೊರೆಯು ಬೆನ್ನಿಗೆ ಸಮವಾಗಿರಲಿ. ಮೆಟ್ಟಿಲು ಏರುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ದುರ್ಬಲವಾದುದು ಮೊದಲು. ಒಂದೊಂದು ಮೆಟ್ಟಿಲಿನ ಮೇಲೂ ಎರಡು ಕಾಲೂ ಕೂಡಲಿ. ದೂರವಾಣಿ ಕರೆದರೆ ಓಡಬಾರದು. ಕರೆದವರು ಮತ್ತೆ ಕರೆಯುವರು.

ಕೋಲಿನ ವಿಷಯ. ಒಂಟಿ ಕೋಲು ಕೆಲವರಿಗೆ ಸಾಕಾಗುವುದು. ಕೈಯೂ ಅಳತೆ ತಪ್ಪಿದವರಿಗೆ ಎರಡು ಕೋಲುಗಳೋ, ನಾಲ್ಕು ಗಾಲಿಯ ತಳ್ಳುಚೌಕಟ್ಟೋ ಲೇಸು. ಎತ್ತಿ ಎತ್ತಿ ಇಡುವ ಹಗುರ ಚೌಕಟ್ಟು ಇಂಥವರನ್ನು ಹಿಂದಕ್ಕೆ ಬೀಳಿಸಬಹುದು. ತಡೆ ಇರುವ, ತುಸು ಭಾರವಾದ ಗಾಲಿಚೌಕಟ್ಟು ಸ್ಥಿರವಾಗಿರುವುದು. ತೋಳನ್ನು ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಯು ಮಣಿಕಟ್ಟಿನ ಗೆರೆಗೆ ಸಮವಾಗಿರಬೇಕು. ದೂರದ ದಾರಿಗೆ ಗಾಲಿಕುರ್ಚಿಯನ್ನು ಬಳಸುವುದು ಸೋಲಲ್ಲ. ಜಾತ್ರೆಗೆ ಹೋಗುವಷ್ಟು ದೂರಕ್ಕೆ ಕುರ್ಚಿ, ಜಾತ್ರೆಯೊಳಗೆ ಹತ್ತು ಹೆಜ್ಜೆಗೆ ಸ್ವಂತ ಕಾಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಬಲದ ಲೆಕ್ಕಕ್ಕೂ ಸಲ್ಲುವುದು.

ನಿತ್ಯದ ಅಭ್ಯಾಸ

ಸ್ವಿಟ್ಜರ್ಲೆಂಡಿನ ಹೈಡೆನ್ ಎಂಬ ಊರಿನಲ್ಲಿದ್ದ ಫ್ರೆಂಕೆಲ್ ಎಂಬ ವೈದ್ಯನು 19ನೆಯ ಶತಮಾನದ ಕೊನೆಯಲ್ಲಿ, ಬೆನ್ನುಹುರಿಯ ರೋಗದಿಂದ ನಡಿಗೆ ತಪ್ಪಿದವರಿಗಾಗಿ ಒಂದು ಸಾಧನಕ್ರಮವನ್ನು ಏರ್ಪಡಿಸಿದನು. ಅದರ ತಿರುಳು ಇಷ್ಟೆ: ಬಲಕ್ಕಾಗಿ ಅಲ್ಲ, ನಿಖರತೆಗಾಗಿ ಸಾಧನೆ, ಮೆಲ್ಲಗೆ, ಕಣ್ಣಿನಿಂದ ನೋಡುತ್ತ, ಎಣಿಸುತ್ತ. ಮೊದಲು ಮಲಗಿ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುವುದು; ಬಳಿಕ ಕುಳಿತು, ನೆಲದ ಮೇಲೆ ಬರೆದ ಗುರುತಿನ ಮೇಲೆ ಪಾದವನ್ನು ಇಡುವುದು; ಬಳಿಕ ನಿಂತು, ಬರೆದ ಹೆಜ್ಜೆಗುರುತುಗಳ ಮೇಲೆಯೇ ನಡೆಯುವುದು. ನೆಲದ ಮೇಲೆ ಹೆಜ್ಜೆ ಬರೆಯುವುದು ನಮ್ಮ ಹೆಂಗಸರಿಗೆ ಹೊಸತೇನಲ್ಲ. ಅಷ್ಟಮಿಯಂದು ಕೃಷ್ಣನ ಪುಟ್ಟ ಪಾದಗಳನ್ನು ಬರೆಯುವ ಕೈಯಿಂದಲೇ ಮಗನ ಪಾದಗಳನ್ನೂ ಸೀಮೆಸುಣ್ಣದಲ್ಲಿ ಬರೆಯಬಹುದು. ರಂಗೋಲಿಯ ಪುಡಿ ಮಾತ್ರ ಬೇಡ, ಜಾರುವುದು.

ಇದು ಬರಿಯ ಸಮಾಧಾನದ ಮಾತಲ್ಲ. ಜರ್ಮನಿಯ ಟ್ಯೂಬಿಂಗೆನ್ನಿನ ವಿದ್ವಾಂಸರು 2009ರಲ್ಲಿ, ಇಂಥ ರೋಗವುಳ್ಳ 16 ಮಂದಿಗೆ ನಾಲ್ಕು ವಾರ, ವಾರಕ್ಕೆ ಮೂರು ಸಲ, ಗಂಟೆಗೊಂದರಂತೆ ಹೊಂದಿಕೆಯ ಸಾಧನೆಯನ್ನು ಮಾಡಿಸಿ, ನಡಿಗೆಯೂ ಸಮತೋಲನವೂ ಸುಧಾರಿಸಿದುದನ್ನು ಪ್ರಕಟಿಸಿದರು. ಬಿಟ್ಟರೆ ಫಲವು ಕರಗುವುದು. ಆದುದರಿಂದ ಊಟದಂತೆ ಇದೂ ನಿತ್ಯಕರ್ಮವಾಗಬೇಕು. ನಿಲ್ಲುವ ಸಾಧನೆಯನ್ನು ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ, ಎದುರಿಗೆ ಭದ್ರ ಕುರ್ಚಿಯಿಟ್ಟು, ಪಕ್ಕದಲ್ಲಿ ಒಬ್ಬರು ನಿಂತು ಮಾಡಿಸತಕ್ಕದ್ದು. ದಣಿಯುವ ಮೊದಲೇ ಮುಗಿಸಬೇಕು. ದಣಿದ ಕಾಲು ತಪ್ಪನ್ನೇ ಕಲಿಯುವುದು. ಹೃದಯದ ಪರೀಕ್ಷೆಯಾಗದೆ ಕಠಿನ ವ್ಯಾಯಾಮಕ್ಕೆ ಇಳಿಯಲೇಬಾರದು.

ಬಿದ್ದಾಗ

ಎಷ್ಟು ಎಚ್ಚರವಿದ್ದರೂ ಒಂದು ದಿನ ಬೀಳುವುದುಂಟು. ಎಡವಿದ ಬೆರಳೇ ಮತ್ತೆ ಎಡವುವುದು ಎಂಬ ಗಾದೆ ಸುಳ್ಳಲ್ಲ. ಆಗ ಕೂಗಾಡಿ, ತೋಳು ಹಿಡಿದು ಜಗ್ಗಿ ಎಬ್ಬಿಸಬಾರದು. ಒಂದು ನಿಮಿಷ ಹಾಗೆಯೇ ಇರಲಿ. ಎಲ್ಲಿ ನೋವೆಂದು ಕೇಳಿರಿ. ಸೊಂಟದಲ್ಲೋ ಕುತ್ತಿಗೆಯಲ್ಲೋ ಕಡು ನೋವಿದ್ದರೆ ಅಲುಗಿಸದೆ ನೆರವನ್ನು ಕರೆಯಿರಿ. ಇಲ್ಲವಾದರೆ ಅವನು ಮಗ್ಗುಲಿಗೆ ಹೊರಳಿ, ಕೈ ಮೊಣಕಾಲುಗಳ ಮೇಲೆ ಬಂದು, ಹತ್ತಿರದ ಭಾರವಾದ ಬೆಂಚಿನವರೆಗೆ ಅಂಬೆಗಾಲಿಟ್ಟು, ಅದನ್ನು ಹಿಡಿದು ಒಂದು ಪಾದವನ್ನು ಮುಂದೂರಿ ಏಳಲಿ. ಏಳುವ ಈ ಕ್ರಮವನ್ನು ಬೀಳದ ದಿನವೇ ಚಾಪೆಯ ಮೇಲೆ ಕಲಿತಿರಬೇಕು. ತಾನೇ ಏಳಬಲ್ಲೆನೆಂಬ ಧೈರ್ಯವಿದ್ದವನು ಬೀಳುವ ಭಯದಿಂದ ಮುದುಡಿಹೋಗುವುದಿಲ್ಲ.

ಜತೆಗೆ ನಡೆಯುವವರು ಪಕ್ಕದಲ್ಲಿ ತುಸು ಹಿಂದಿರಬೇಕು. ನೀವು ಅವನ ಕೈಯನ್ನು ಹಿಡಿಯಬೇಡಿರಿ. ಅವನು ನಿಮ್ಮ ತೋಳನ್ನು ಹಿಡಿಯಲಿ. ಈ ಎರಡರ ಅಂತರವನ್ನು ಅರಿತವರಿಗೆ ಶುಶ್ರೂಷೆಯ ಮುಕ್ಕಾಲು ಪಾಲು ತಿಳಿದಂತಾಯಿತು. ಮೊದಲನೆಯದರಲ್ಲಿ ನಾವು ಎಳೆಯುವೆವು, ಎರಡನೆಯದರಲ್ಲಿ ಅವನು ನಡೆಯುವನು.

ಊರಿನ ಮಾತು

ಕುಡುಕನೆಂಬ ಮಾತಿಗೆ ಮದ್ದೇನು? ಮುಚ್ಚಿಡುವುದಲ್ಲ, ಹೇಳುವುದು. ಆ ಮನೆಯವರು ನೆರೆಹೊರೆಗೆ, ಅಂಗಡಿಯವರಿಗೆ, ರಿಕ್ಷಾದವರಿಗೆ ರೋಗದ ಹೆಸರನ್ನು ಬಿಚ್ಚಿ ಹೇಳಿದರು. ಹುಡುಗನು, "ನನಗೆ ನರದ ರೋಗವಿದೆ, ಕುಡಿದಿಲ್ಲ. ಬಿದ್ದರೆ ದಯವಿಟ್ಟು ಈ ಸಂಖ್ಯೆಗೆ ತಿಳಿಸಿರಿ" ಎಂದು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡನು. ಕೈಯಲ್ಲಿ ಕೋಲು ಕಂಡಮೇಲೆ ಜನರೂ ತಾವಾಗಿಯೇ ದಾರಿ ಬಿಟ್ಟರು. ಮೊದಲು ಅಪಮಾನವೆಂದು ತೋರಿದ ಕೋಲೇ ಮಾನವನ್ನು ಉಳಿಸಿತು. ಅಂಗವಿಕಲರ ಹಕ್ಕುಗಳ 2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಚಲನೆಯ ವೈಕಲ್ಯವೂ ದೀರ್ಘಕಾಲದ ನರರೋಗಗಳೂ ಅದರಲ್ಲಿ ಸೇರಿವೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವೆಂದು ವೈದ್ಯಮಂಡಲಿಯ ಪ್ರಮಾಣಪತ್ರ ದೊರೆತವರಿಗೆ ಸರಕಾರಿ ನೌಕರಿಯ ಮೀಸಲಾತಿಯೇ ಮೊದಲಾದ ಸೌಲಭ್ಯಗಳುಂಟು. ನಾಚಿಕೆಯಿಂದ ಅದನ್ನು ಬಿಡಬಾರದು.

ಮಾರ್ಗಶಿರದಲ್ಲಿ ಮತ್ತೆ ಜಾಲಿಗೆ ಹೋಗಿದ್ದೆನು. ರೋಗವು ಕಡಿಮೆಯಾಗಿರಲಿಲ್ಲ, ಮುಂದೊಂದು ದಿನ ಗಾಲಿಕುರ್ಚಿಯೇ ಹೆಚ್ಚಾಗಿ ಬೇಕಾದೀತೆಂಬುದು ಅವರಿಗೂ ಗೊತ್ತಿದ್ದಿತು. ಆದರೆ ಹುಡುಗನು ಅಂಗಡಿಯ ಲೆಕ್ಕಕ್ಕೆ ಮರಳಿದ್ದನು. ಬಚ್ಚಲ ಕುರ್ಚಿಯಿಟ್ಟ ಮೇಲೆ ಅಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಸಂಜೆ ನೀರಿಳಿದ ಹೊತ್ತಿನಲ್ಲಿ ಕಡಲ ತಡಿಗೆ ಹೊರಟೆವು. ಮೇಲಿನ ಸಡಿಲ ಮರಳನ್ನು ತಾಯಿಯ ತೋಳು ಹಿಡಿದು ದಾಟಿ, ಒದ್ದೆಯಾಗಿ ಗಟ್ಟಿಗೊಂಡ ಮರಳಿನ ಮೇಲೆ ಎರಡು ಕೋಲೂರಿ ತಾನೇ ನಡೆದನು. ತಾಯಿಯು ಕೈ ಚಾಚಲು ಹೋಗಿ, ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಅವನು ನಿಂತು, ದೊಡ್ಡ ಸುತ್ತಿನಲ್ಲಿ ತಿರುಗಿ, ತನ್ನ ಹೆಜ್ಜೆಯ ಸಾಲನ್ನು ನೋಡಿ, "ಅಮ್ಮಾ, ಸೊಟ್ಟಗಿವೆ" ಎಂದು ನಕ್ಕನು.

"ಸೊಟ್ಟಗಿರಲಿ ತಮ್ಮಾ, ನಿನ್ನವೇ ಅಲ್ಲವೆ?" ಎಂದಳು ಅವಳು.

ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂಥವರಿದ್ದರೆ, ಈ ಬರೆಹವನ್ನು ಓದಿ ಮಡಿಚಿಡುವ ಮೊದಲು ಒಮ್ಮೆ ನಿಮ್ಮ ಬಚ್ಚಲಿನ ನೆಲವನ್ನು ನೋಡಿಬನ್ನಿರಿ.